ಮಲೆನಾಡಿನ ಒಣ ಸೆರಗಿನಲ್ಲಿ ಮಳೆ, ಬಿಸಿಲಿನ ಲೆಕ್ಕ ಇಡುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ ಜಿಲ್ಲೆ ಅಂದರೆ ಹೊರಗಿನವರಿಗೆ ಆಗುಂಬೆ, ಹುಲಿಕಲ್, ಜೋಗ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ಅಲ್ಲಿಂದ ಶಿವಮೊಗ್ಗ ಪೇಟೆಗೆ ರಸ್ತೆಯಲ್ಲಿ ಸುಮಾರು 90 ಕಿ.ಮೀ. ಅಷ್ಟು ದೂರ ಬರುವಷ್ಟರಲ್ಲಿ ಮಳೆ ಸಾವಿರ ಮಿ.ಮೀ. ಆಸುಪಾಸಿಗೆ ಇಳಿದಿರುತ್ತದೆ. ಅರಬ್ಬಿ ಸಮುದ್ರದ ಕಡೆಯಿಂದ ಬಂದ ಮೋಡ ಘಟ್ಟ ಹತ್ತುವಾಗಲೇ ತಣಿದು ಸುರಿದುಬಿಡುತ್ತದೆ, ಪೂರ್ವಕ್ಕೆ ದಾಟಿದ ಗಾಳಿಯಲ್ಲಿ ಉಳಿಯುವ ತೇವ ಅಲ್ಪ. ಹಾಗಾಗಿ ಶಿಕಾರಿಪುರ, ಭದ್ರಾವತಿ, ಶಿವಮೊಗ್ಗದ ಪೂರ್ವದ ಊರುಗಳು ಲೆಕ್ಕಕ್ಕೆ ಮಲೆನಾಡಾದರೂ ಬಯಲುಸೀಮೆಯ ಹಾಗೆ ಮಳೆಗೆ ಕಾಯುತ್ತವೆ.

ಇಂಥ ಜಿಲ್ಲೆಯಲ್ಲಿ 'ಜಿಲ್ಲೆಯ ಸರಾಸರಿ ಮಳೆ' ಎಂಬ ಅಂಕಿ ನಿಮ್ಮ ಹೊಲದ ಬಗ್ಗೆ ಏನೂ ಹೇಳುವುದಿಲ್ಲ. ವರ್ಷದ ಒಟ್ಟು ಮಳೆಯೂ ಅಷ್ಟೇ. ಮಳೆ ಎಷ್ಟು ಬಂತು ಅನ್ನುವುದಕ್ಕಿಂತ ಎಷ್ಟು ದಿನ ಬಿಟ್ಟು ಬಂತು ಅನ್ನುವುದು ನಮ್ಮ ಕಡೆಯ ಬೆಳೆಯನ್ನು ಉಳಿಸುತ್ತದೆ ಅಥವಾ ಕೆಡಿಸುತ್ತದೆ. 2023ರ ಆಗಸ್ಟ್ ನೆನಪಿಸಿಕೊಳ್ಳಿ. ದೇಶದಲ್ಲಿ 1901ರಿಂದ ಇಟ್ಟ ದಾಖಲೆಯಲ್ಲೇ ಅಷ್ಟು ಒಣ ಆಗಸ್ಟ್ ಬೇರೆ ಇರಲಿಲ್ಲ. ಆ ತಿಂಗಳು ನಿಮ್ಮ ಹೊಲದಲ್ಲಿ ಕೊನೆಯ ಹದ ಮಳೆ ಯಾವ ದಿನ ಬಿತ್ತು, ಮುಂದಿನದು ಎಷ್ಟು ದಿನದ ಮೇಲೆ ಬಂತು ಎಂದು ಕೇಳಿದರೆ ಹೇಳಬಲ್ಲ ಮನೆಗಳು ಎಷ್ಟಿವೆ? ಹೇಳಬಲ್ಲವರಾಗಲು ದುಬಾರಿ ಯಂತ್ರ ಬೇಡ. ದಿನಕ್ಕೆ ಐದು ನಿಮಿಷ, ಒಂದು ನೋಟ್‌ಬುಕ್, ಎರಡು ಸಾಧನ ಸಾಕು.

1. ಮಳೆಮಾಪಕ: ಕೊಳ್ಳುವುದೋ, ಮಾಡಿಕೊಳ್ಳುವುದೋ

ಮಳೆಮಾಪಕ ಅಂದರೆ ಬಾಯಿಯ ಅಳತೆ ಸರಿಯಾಗಿ ಗೊತ್ತಿರುವ ಒಂದು ಆಲಿಕೆ, ಅದರ ಕೆಳಗೆ ನೀರು ತುಂಬಿಕೊಳ್ಳುವ ಪಾತ್ರೆ, ಅಳೆಯಲು ಗೆರೆ ಹಾಕಿದ ಜಾಡಿ. ಹವಾಮಾನ ಇಲಾಖೆ ಬಳಸುವ ಫೈಬರ್ ಮಾಪಕಗಳ ಬಾಯಿ 100 ಅಥವಾ 200 ಚದರ ಸೆಂ.ಮೀ. ಇರುತ್ತದೆ. ಕೈಗೆಟಕುವುದಾದರೆ ಅದನ್ನೇ ಕೊಳ್ಳಿ. ಆದರೆ ಅದರ ಜೊತೆಗೆ ಬಂದ ಜಾಡಿ ಒಡೆದರೆ ಬೇರೆ ಮಾಪಕದ ಜಾಡಿ ತಂದು ಬಳಸಬೇಡಿ. ಗೆರೆಗಳು ಆಯಾ ಬಾಯಿಗೆ ತಕ್ಕಂತೆ ಹಾಕಿದವು, ಬದಲಾದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಮನೆಯಲ್ಲೇ ಮಾಡಿಕೊಳ್ಳುವವರು ಅಂಚು ಗಟ್ಟಿಯಿರುವ, ಬಾಯಿ 16 ಸೆಂ.ಮೀ. ಅಗಲದ ಆಲಿಕೆ ಹುಡುಕಿ. ಅದರ ಅರ್ಧ 8. ಎಂಟೆಂಟಲ 64, ಅದನ್ನು 3.14ರಿಂದ ಗುಣಿಸಿದರೆ 201 ಚದರ ಸೆಂ.ಮೀ., ಅಂದರೆ ಇಲಾಖೆಯ ದೊಡ್ಡ ಮಾಪಕದ ಅಳತೆಯೇ ಬಂದಂತಾಯಿತು. ಪ್ಲಾಸ್ಟಿಕ್ ಆಲಿಕೆಗಳು ಪೂರ್ತಿ ದುಂಡಗಿರುವುದಿಲ್ಲ. ಮೂರು ದಿಕ್ಕಿನಲ್ಲಿ ಅಳೆದು ಸರಾಸರಿ ಹಿಡಿಯಿರಿ. ಲೆಕ್ಕ ಹೀಗೆ: ಸಿಕ್ಕ ನೀರನ್ನು ಮಿಲಿಲೀಟರಿನಲ್ಲಿ ಅಳೆದು, 10ರಿಂದ ಗುಣಿಸಿ, ಬಾಯಿಯ ವಿಸ್ತೀರ್ಣದಿಂದ ಭಾಗಿಸಿ. 500 ಮಿ.ಲೀ. ನೀರು ಸಿಕ್ಕರೆ 5,000 ಭಾಗಿಸು 201, ಸುಮಾರು 24.9 ಮಿ.ಮೀ. ಮಳೆ. ಅಳೆಯಲು ಔಷಧಿ ಅಂಗಡಿಯ ಸಿರಿಂಜ್ ಅಥವಾ ಲ್ಯಾಬಿನ ಅಳತೆ ಜಾಡಿ ಬಳಸಿ. ಅಡುಗೆಮನೆಯ ಲೋಟ ಬೇಡ.

ಕೆಳಗಿನ ಕ್ಯಾನು ಐದು ಲೀಟರಿನದು ಇರಲಿ. 16 ಸೆಂ.ಮೀ. ಬಾಯಿಗೆ ಅದು ಸುಮಾರು 250 ಮಿ.ಮೀ. ಮಳೆ ಹಿಡಿಯುತ್ತದೆ, ನಮ್ಮ ಒಣ ಸೆರಗಿಗೆ ಧಾರಾಳವಾಯಿತು. ಹೊಸನಗರ, ತೀರ್ಥಹಳ್ಳಿಯ ಘಟ್ಟದಂಚಿನವರು ಇನ್ನೂ ದೊಡ್ಡ ಕ್ಯಾನು ಇಡಬೇಕು, ಇಲ್ಲವೇ ಜಡಿ ಮಳೆಯಲ್ಲಿ ಸಂಜೆಯೂ ಒಮ್ಮೆ ಅಳೆದು ಕೂಡಿಸಿಕೊಳ್ಳಬೇಕು.

ಕಾಫಿ ತೋಟದ ಕಡೆಯವರು ಈಗಲೂ ಇಂಚು, ಸೆಂಟುಗಳಲ್ಲೇ ಮಾತಾಡುತ್ತಾರೆ. ಒಂದು ಇಂಚು 25.4 ಮಿ.ಮೀ., ನೂರು ಸೆಂಟು ಒಂದು ಇಂಚು, ಹಾಗಾಗಿ ನಲವತ್ತು ಸೆಂಟು ಅಂದರೆ ಹತ್ತು ಮಿ.ಮೀ. ಹತ್ತಿರ. ಹಳೆಯ ತೋಟದ ಡೈರಿ ಕೈಗೆ ಸಿಕ್ಕರೆ ಇದು ಗೊತ್ತಿರಬೇಕು. ನಿಮ್ಮ ಪುಸ್ತಕದಲ್ಲಿ ಮಾತ್ರ ಮೊದಲಿಂದ ಕೊನೆವರೆಗೂ ಮಿ.ಮೀ. ಒಂದೇ ಇರಲಿ. ಒಂದು ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್, ಒಂದು ಎಕರೆಗೆ 4,047 ಲೀಟರ್. ಈ ಅನುಕೂಲ ಇಂಚಿನಲ್ಲಿ ಇಲ್ಲ.

2. ಜಾಗ

ಇಲ್ಲಿ ಅವಸರ ಮಾಡಬೇಡಿ. ಸಾಧನ ಎಷ್ಟೇ ಒಳ್ಳೆಯದಿದ್ದರೂ ಜಾಗ ಕೆಟ್ಟರೆ ಅಂಕಿ ಕೆಟ್ಟಂತೆ.

ಬಯಲಲ್ಲಿ, ಮಟ್ಟಸ ನೆಲದಲ್ಲಿ, ಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರಕ್ಕೆ ಬರುವಂತೆ ನೆಡಿ. ಅದಕ್ಕಿಂತ ಕೆಳಗಿದ್ದರೆ ನೆಲದ ನೀರು ಎರಚುತ್ತದೆ, ತೀರಾ ಎತ್ತರಿಸಿದರೆ ಗಾಳಿ ಹನಿಗಳನ್ನು ಪಕ್ಕಕ್ಕೆ ಹೊತ್ತೊಯ್ಯುತ್ತದೆ. ತಾರಸಿ ಮೇಲೆ ಇಡುವವರ ಅಂಕಿ ಕಡಿಮೆ ಬರುವುದು ಇದೇ ಕಾರಣಕ್ಕೆ. ಹತ್ತಿರದ ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಇರಬೇಕು. ನಲವತ್ತು ಅಡಿ ಅಡಿಕೆ ಮರವಿದ್ದರೆ ಎಂಬತ್ತು ಅಡಿ. ತೋಟದೊಳಗೆ ಅಂಥ ಜಾಗ ಸಿಗುವುದಿಲ್ಲ, ಅಡಿಕೆ ಒಣಗಿಸುವ ಅಂಗಳದ ಅಂಚಿನಲ್ಲೋ ಗದ್ದೆ ಬಯಲಲ್ಲೋ ಸಿಗುತ್ತದೆ.

ಒಂದು ಮಾತು ಮುಖ್ಯ. ಈಗ ಬಯಲಾಗಿರುವ ಜಾಗ ಐದು ವರ್ಷದ ಮೇಲೂ ಬಯಲಾಗಿರುತ್ತದೆಯೇ? ನಮ್ಮ ಕಡೆ ಜೋಳದ ಹೊಲ, ಗದ್ದೆ ಎಲ್ಲ ಅಡಿಕೆಗೆ ತಿರುಗುತ್ತಿರುವ ಕಾಲ ಇದು. ಪಕ್ಕದವರು ಸಸಿ ಇಟ್ಟಿದ್ದರೆ ಇವತ್ತು ಅದು ಮೊಣಕಾಲೆತ್ತರ, ಆದರೆ ಮುಂದೆ ಅದೇ ನಿಮ್ಮ ಮಾಪಕಕ್ಕೆ ಮಳೆ ಮರೆ ಮಾಡುತ್ತದೆ. ಬೇಲಿಯಿಂದ ದೂರ ಸರಿದೇ ನೆಡಿ.

ದನ, ನಾಯಿ ಉರುಳಿಸದಂತೆ ಸುತ್ತ ನಾಲ್ಕು ಗೂಟ, ಎರಡು ತಂತಿ ಇದ್ದರೆ ಸಾಕು. ಆಲಿಕೆಯ ಕತ್ತಿನಲ್ಲಿ ಸಣ್ಣ ಬಲೆ ಇಟ್ಟರೆ ಎಲೆ, ಹುಳ ಕಟ್ಟಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಜೇಡ ಅದೇ ಕತ್ತಿನಲ್ಲಿ ಬಲೆ ನೇಯುತ್ತದೆ, ಮೊದಲ ಗುಡುಗು ಮಳೆಗೆ ನೀರು ಇಳಿಯದೆ ಮೇಲೇ ನಿಂತು ಚೆಲ್ಲುತ್ತದೆ. ಯುಗಾದಿ ಹೊತ್ತಿಗೆ ಒಮ್ಮೆ ತೊಳೆದಿಡಿ.

3. ಬೆಳಿಗ್ಗೆ ಎಂಟೂವರೆ

ದೇಶದಾದ್ಯಂತ ಮಳೆ ಅಳೆಯುವ ಹೊತ್ತು ಬೆಳಿಗ್ಗೆ 8:30. ನಿಮ್ಮದೂ ಅದೇ ಇರಲಿ. ಹಾಲು ಡೈರಿಗೆ ಕೊಟ್ಟು ಬಂದ ಮೇಲೆ ಅಂತ ಇಟ್ಟುಕೊಂಡರೆ ಹೊತ್ತು ತಪ್ಪುವುದಿಲ್ಲ. ಹಿಂದಿನ ದಿನ ಎಂಟೂವರೆಯಿಂದ ಇವತ್ತು ಎಂಟೂವರೆವರೆಗೆ ಬಿದ್ದ ಮಳೆಯನ್ನು ಇವತ್ತಿನ ತಾರೀಖಿಗೆ ಬರೆಯಬೇಕು. ನಿನ್ನೆ ಸಂಜೆ ಸುರಿದದ್ದು ಇವತ್ತಿನ ಸಾಲಿಗೆ ಬರುವುದು ಮೊದಮೊದಲು ವಿಚಿತ್ರ ಅನ್ನಿಸಬಹುದು. ಆದರೆ ಇಲಾಖೆಯ ಅಂಕಿಯೂ ಹಾಗೇ ಇರುತ್ತದೆ, ಆಮೇಲೆ ಹೋಲಿಸಲು ಅದೇ ಬೇಕು.

ಜಾಡಿಯನ್ನು ಮಟ್ಟದ ಕಲ್ಲಿನ ಮೇಲಿಟ್ಟು ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿ. ಜಾಡಿಯ ಗೋಡೆಗೆ ನೀರು ಸ್ವಲ್ಪ ಏರಿ ನಡುವೆ ತಗ್ಗಾಗಿ ಕಾಣುತ್ತದೆ. ಆ ತಗ್ಗಿನ ತಳ ಯಾವ ಗೆರೆಗಿದೆಯೋ ಅದನ್ನೇ ಓದಿ. ನಿಂತಲ್ಲಿಂದ ಬಗ್ಗಿ ನೋಡಿದರೆ ಒಂದೆರಡು ಗೆರೆ ಹೆಚ್ಚೇ ಕಾಣುತ್ತದೆ. ಜಡಿ ಮಳೆಯಲ್ಲಿ ಅದರಿಂದ ಹೆಚ್ಚಿನ ನಷ್ಟವಿಲ್ಲ, ಸೋನೆ ಮಳೆಯಲ್ಲಿ ಅದೇ ದೊಡ್ಡ ತಪ್ಪಾಗುತ್ತದೆ. ಓದಿ, ಬರೆದು, ಆಮೇಲೆ ನೀರು ಚೆಲ್ಲಿ. ಚೆಲ್ಲಿದ ಮೇಲೆ ಬರೆಯುವ ಅಭ್ಯಾಸ ಬೇಡ.

ಅಂಕಿಯಷ್ಟೇ ಮುಖ್ಯವಾದ ಮೂರು ಗುರುತುಗಳಿವೆ. ನೋಡಿದೆ, ಮಳೆ ಇಲ್ಲ ಎಂದಾದರೆ '0'. ಆಲಿಕೆ ಒದ್ದೆಯಾಗಿದೆ, ಅಳೆಯುವಷ್ಟು ನೀರಿಲ್ಲ ಎಂದಾದರೆ 'ತು', ಅಂದರೆ ತುಂತುರು. ನೋಡಲೇ ಇಲ್ಲ ಎಂದಾದರೆ ಅಡ್ಡಗೆರೆ. ಸೊನ್ನೆಯನ್ನೂ ಖಾಲಿಯನ್ನೂ ಬೆರೆಸಿದ ಪುಸ್ತಕದಿಂದ ಒಣ ದಿನ ಎಣಿಸಲು ಆಗುವುದಿಲ್ಲ, ನಮಗೆ ಬೇಕಾದದ್ದೇ ಒಣ ದಿನದ ಎಣಿಕೆ. ಮದುವೆಗೋ ಜಾತ್ರೆಗೋ ಹೋಗಿ ಎರಡು ದಿನ ಬಿಟ್ಟು ಬಂದರೆ, ಸಿಕ್ಕ ಒಟ್ಟು ನೀರನ್ನು ಬಂದ ದಿನದ ಸಾಲಿಗೆ ಬರೆದು 'ಎರಡು ದಿನದ್ದು ಸೇರಿ' ಎಂದು ಗುರುತಿಸಿ. ಅಂದಾಜಿನಲ್ಲಿ ಹಂಚಬೇಡಿ. ಮನೆಯಲ್ಲಿ ಇನ್ನೊಬ್ಬರಿಗೆ ಓದಲು ಕಲಿಸಿಡಿ. ಹೈಸ್ಕೂಲು ಮಕ್ಕಳು ದೊಡ್ಡವರಿಗಿಂತ ಅಚ್ಚುಕಟ್ಟಾಗಿ ಮಾಡುತ್ತಾರೆ.

4. ಉಷ್ಣಾಂಶ

'ಇವತ್ತು ಮೂವತ್ತೆಂಟು ಡಿಗ್ರಿ' ಎಂದು ಮೊಬೈಲು ತೋರಿಸುವುದು ಸಾಮಾನ್ಯವಾಗಿ ಕಂಪ್ಯೂಟರಿನ ಅಂದಾಜು, ನಿಮ್ಮ ಅಂಗಳದಲ್ಲಿ ಅಳೆದದ್ದಲ್ಲ. ನಮಗೆ ಬೇಕಾದ್ದು ಎರಡು ಅಂಕಿ, ದಿನದ ಗರಿಷ್ಠ ಮತ್ತು ಕನಿಷ್ಠ. ಎರಡನ್ನೂ ನೆನಪಿಟ್ಟುಕೊಳ್ಳುವ ಥರ್ಮಾಮೀಟರ್ ಬೇಕು. U ಆಕಾರದ ಗಾಜಿನದು ಸಿಗುತ್ತದೆ, ಗರಿಷ್ಠ ಕನಿಷ್ಠ ತೋರಿಸುವ ಡಿಜಿಟಲ್ಲೂ ಸಿಗುತ್ತದೆ. ಗಾಜಿನದರಲ್ಲಿ ಒಳಗಿನ ಪುಟ್ಟ ಕಡ್ಡಿಯ ಕೆಳತುದಿಯನ್ನು ಓದಬೇಕು. ಕನಿಷ್ಠದ ಕೊಳವೆಯಲ್ಲಿ ಅಂಕಿ ತಲೆಕೆಳಗಾಗಿ ಇಳಿಯುತ್ತದೆ ಅನ್ನುವುದು ನೆನಪಿರಲಿ.

ಥರ್ಮಾಮೀಟರ್ ಅಳೆಯಬೇಕಾದದ್ದು ಗಾಳಿಯ ಬಿಸಿಯನ್ನು. ಬಿಸಿಲು ನೇರ ತಾಗಿದರೆ ಅದು ತನ್ನದೇ ಬಿಸಿ ತೋರಿಸುತ್ತದೆ. ಹವಾಮಾನ ಕೇಂದ್ರಗಳಲ್ಲಿ ಬಿಳಿ ಬಣ್ಣದ, ಎರಡು ಪದರ ಜಾಲಂದ್ರದ ಮರದ ಪೆಟ್ಟಿಗೆ ಇಟ್ಟಿರುವುದು ಇದಕ್ಕೇ. ಅದರ ಬಾಗಿಲು ಉತ್ತರಕ್ಕಿರುತ್ತದೆ, ತೆಗೆದಾಗ ಬಿಸಿಲು ಒಳಗೆ ಬೀಳಬಾರದೆಂದು. ಊರಿನ ಬಡಗಿ ಒಂದು ದಿನದಲ್ಲಿ ಮಾಡಿಕೊಡುತ್ತಾನೆ. ಡಿಜಿಟಲ್ ವಯರಿನ ತುದಿಗಾದರೆ ಇನ್ನೂ ಸುಲಭ. ಹೂಕುಂಡದ ಕೆಳಗಿಡುವ ಬಿಳಿ ಪ್ಲಾಸ್ಟಿಕ್ ತಟ್ಟೆ ಏಳೆಂಟು ತಂದು, ಮೇಲಿನ ಎರಡನ್ನು ಬಿಟ್ಟು ಉಳಿದವುಗಳ ನಡುವೆ ತೂತು ಕೊರೆದು, ಬೋರಲು ಹಾಕಿ, ಮೂರು ಉದ್ದ ಬೋಲ್ಟಿಗೆ ಬೆರಳಗಲ ಅಂತರದಲ್ಲಿ ಪೋಣಿಸಿ, ನಡುವಿನ ಪೊಳ್ಳಿನಲ್ಲಿ ವಯರಿನ ತುದಿ ನೇತಾಡುವಂತೆ ಇಡಿ. ಗಾಳಿ ಆಡುತ್ತದೆ, ಬಿಸಿಲು ಮಳೆ ತಾಗುವುದಿಲ್ಲ.

ಎತ್ತರ ನೆಲದಿಂದ ಸುಮಾರು 1.25 ಮೀಟರ್, ಅಂದರೆ ಎದೆಮಟ್ಟ. ಕೆಳಗೆ ಹುಲ್ಲೋ ಮಣ್ಣೋ ಇರಲಿ, ಸಿಮೆಂಟು ಅಂಗಳ ಬೇಡ. ಹಂಚಿನ ಮಾಡಿನ ಕೆಳಗೆ, ಕೊಟ್ಟಿಗೆಯ ಗೋಡೆಗೆ ತೂಗುಹಾಕಿದರೆ ರಾತ್ರಿಯಿಡೀ ಗೋಡೆಯ ಕಾವು ಕನಿಷ್ಠವನ್ನು ಏರಿಸುತ್ತದೆ. ತೋಟದೊಳಗಿನ ತಂಪನ್ನೂ ತಿಳಿಯಬೇಕೆಂದರೆ ಅಲ್ಲಿ ಎರಡನೆಯದೊಂದು ಇಡಿ, ಅದಕ್ಕೆ ಬೇರೆ ಕಾಲಂ.

ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ. ಮಂಜುಗಡ್ಡೆ ಪುಡಿಮಾಡಿ ಸ್ವಲ್ಪ ನೀರು ಬೆರೆಸಿ, ಕಲಕುತ್ತ ವಯರಿನ ತುದಿಯನ್ನು ಅದರಲ್ಲಿ ಹತ್ತು ನಿಮಿಷ ಇಟ್ಟರೆ 0 ಡಿಗ್ರಿ ತೋರಬೇಕು. 0.8 ತೋರಿದರೆ ಪುಸ್ತಕದ ಮೊದಲ ಪುಟದಲ್ಲಿ ತಾರೀಖು ಸಹಿತ ಬರೆದಿಡಿ. ದಿನದ ಅಂಕಿ ತಿದ್ದಬೇಡಿ, ಕಂಡದ್ದನ್ನೇ ಬರೆಯಿರಿ, ತಿದ್ದುಪಡಿ ಲೆಕ್ಕ ಹಾಕುವಾಗ ಬರಲಿ.

ಬೆಳಿಗ್ಗೆ ಎಂಟೂವರೆಗೆ ಓದುವಾಗ ಕಾಣುವ ಕನಿಷ್ಠ ಇವತ್ತಿನ ನಸುಕಿನದು, ಗರಿಷ್ಠ ನಿನ್ನೆ ಮಧ್ಯಾಹ್ನದ್ದು. ಕನಿಷ್ಠವನ್ನು ಇವತ್ತಿನ ಸಾಲಿಗೆ, ಗರಿಷ್ಠವನ್ನು ನಿನ್ನೆಯ ಸಾಲಿಗೆ ಬರೆದು ಸಾಧನವನ್ನು ಮರುಹೊಂದಿಸಿ. ಇದೊಂದು ತಪ್ಪಿದರೆ ಮಳೆ ಬಂದು ತಣ್ಣಗಾದ ದಿನಕ್ಕೆ ಹಿಂದಿನ ದಿನದ ಬಿಸಿಲು ಅಂಟಿಕೊಂಡು ಕೂರುತ್ತದೆ.

5. ಪುಸ್ತಕದ ಸಾಲು

ತಾರೀಖು, ಮಳೆ, ಕನಿಷ್ಠ, ಗರಿಷ್ಠ, ಷರಾ. ಐದೇ ಕಾಲಂ. ಮಾದರಿಗೆ ಒಂದು ಸಾಲು:

ಆಗಸ್ಟ್ 9 | 14.2 | 21.0 | 28.5 | ನಿನ್ನೆ ಸಂಜೆ ಗುಡುಗು, ಅರ್ಧ ಗಂಟೆ ರಾಚಿತು, ಹಳ್ಳ ಹರಿಯಲಿಲ್ಲ

ಷರಾ ಕಾಲಂ ಅಗಲವಾಗಿರಲಿ. ಅಂಕಿ ಹೇಳದ್ದನ್ನು ಅದು ಹೇಳುತ್ತದೆ: ಆಲಿಕಲ್ಲು, ಗಾಳಿ, ಬಿತ್ತನೆ ದಿನ, ಜೋಳ ಸೂಲಂಗಿ (ತುದಿಯ ಗಂಡು ಹೂ) ಹೊಡೆದದ್ದು, ಬೋರ್‌ವೆಲ್ ನೀರು ಇಳಿದದ್ದು, ಅಡಿಕೆಗೆ ಬೋರ್ಡೊ ಔಷಧಿ ಹೊಡೆದ ದಿನ. ಜೆಲ್ ಪೆನ್, ಶಾಯಿ ಪೆನ್ನಿನ ಮಸಿ ಒದ್ದೆಯಾದರೆ ಹರಡುತ್ತದೆ, ಮಳೆಗಾಲಕ್ಕೆ ಪೆನ್ಸಿಲ್ಲೇ ಒಳ್ಳೆಯದು. ವಾರಕ್ಕೊಮ್ಮೆ ಪುಟದ ಫೋಟೊ ತೆಗೆದಿಡಿ.

6. ಮಳೆನಕ್ಷತ್ರದ ಲೆಕ್ಕ

ಈಗ ಅಂಕಿಗಳನ್ನು ಒಟ್ಟುಗೂಡಿಸುವ ಮಾತು. ತಿಂಗಳ ಲೆಕ್ಕ ಬೆಳೆಗೆ ತೀರಾ ದೊಡ್ಡದು, ದಿನದ ಲೆಕ್ಕ ತೀರಾ ಚಿಕ್ಕದು. ನಮ್ಮ ಹಿರಿಯರ ಮಳೆನಕ್ಷತ್ರಗಳು ಇವೆರಡರ ನಡುವೆ ಸರಿಯಾಗಿ ಕೂರುತ್ತವೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವುದು ಹದಿಮೂರು, ಹದಿನಾಲ್ಕು ದಿನ. ರೋಹಿಣಿ ಮೇ 25ರ ಸುಮಾರಿಗೆ ಹುಟ್ಟುತ್ತದೆ, ಮೃಗಶಿರ ಜೂನ್ 8ರ ಹೊತ್ತಿಗೆ, ಆರಿದ್ರಾ ಜೂನ್ 22, ಪುನರ್ವಸು ಜುಲೈ 6, ಪುಷ್ಯ ಜುಲೈ 20, ಆಶ್ಲೇಷ ಆಗಸ್ಟ್ 3, ಮಘೆ ಆಗಸ್ಟ್ 17, ಹುಬ್ಬೆ ಆಗಸ್ಟ್ ಕೊನೆಗೆ. ಒಂದು ದಿನ ಹಿಂದೆ ಮುಂದೆ ಆಗಬಹುದು, ಪಂಚಾಂಗ ನೋಡಿಕೊಳ್ಳಿ. 'ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ' ಅನ್ನುವ ಮಾತು ನಿಮ್ಮ ಹೊಲಕ್ಕೆ ಹೊಂದುತ್ತದೆಯೋ ಇಲ್ಲವೋ ಅನ್ನುವುದನ್ನು ನಿಮ್ಮದೇ ಅಂಕಿಯಿಂದ ನೋಡಬಹುದು, ಗಾದೆಯನ್ನು ತಳ್ಳಿಹಾಕದೆ, ಕಣ್ಣುಮುಚ್ಚಿ ನಂಬದೆ.

ಪ್ರತಿ ನಕ್ಷತ್ರಕ್ಕೂ ಮೂರು ಅಂಕಿ ತೆಗೆಯಿರಿ: ಒಟ್ಟು ಮಳೆ, ಮಳೆ ದಿನಗಳು, ಅತಿ ಉದ್ದದ ಒಣ ಅಂತರ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಇಲಾಖೆ ಅದನ್ನು ಮಳೆ ದಿನ ಎನ್ನುತ್ತದೆ. ಅದಕ್ಕಿಂತ ಕಡಿಮೆಯದು ಮಣ್ಣಿಗೆ ಇಳಿಯುವ ಮೊದಲೇ ಆರುತ್ತದೆ, ಒಣ ದಿನ ಎಂದೇ ಎಣಿಸಿ. ಆ ಕಡೆಯ ತುದಿಯಲ್ಲಿ, ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ.

ಈ ಮೂರು ಅಂಕಿ ಏಕೆ ಬೇಕೆಂದು ಕಾಲ್ಪನಿಕ ಉದಾಹರಣೆಯೊಂದರಲ್ಲಿ ನೋಡಿ. ಎರಡು ವರ್ಷ ಆಶ್ಲೇಷ ಮಘೆ ಸೇರಿ 140 ಮಿ.ಮೀ. ಬಂದಿದೆ ಎನ್ನೋಣ. ಮೊದಲ ವರ್ಷ ಅದು 13 ಮಳೆ ದಿನದಲ್ಲಿ ಬಂದು, ದೊಡ್ಡ ಅಂತರ 4 ದಿನ. ಎರಡನೆಯ ವರ್ಷ 120 ಮಿ.ಮೀ. ಮೂರೇ ದಿನದಲ್ಲಿ ಸುರಿದು, ಆಮೇಲೆ 17 ದಿನ ಒಣ. ಜೂನ್ ನಡುವಿಗೆ ಬಿತ್ತಿದ ಮುಸುಕಿನ ಜೋಳ ಸೂಲಂಗಿ ಹೊಡೆದು ತೆನೆಗೆ ರೇಷ್ಮೆ ಬಿಡುವುದು ಈ ನಕ್ಷತ್ರಗಳಲ್ಲೇ. ಜೋಳ ನೀರಿನ ಕೊರತೆಯನ್ನು ತೀರಾ ತಾಳದ ಹೊತ್ತು ಅದು, ಕಾಳು ಕಟ್ಟುವುದೇ ಕುಂಠಿತವಾಗುತ್ತದೆ. ಒಟ್ಟು ಮಳೆ ಮಾತ್ರ ನೋಡುವವನಿಗೆ ಎರಡೂ ವರ್ಷ ಒಂದೇ.

ಮೂರು ನಾಲ್ಕು ವರ್ಷದ ಪುಸ್ತಕ ಸೇರಿದ ಮೇಲೆ ನಕ್ಷತ್ರವಾರು ಪಕ್ಕಪಕ್ಕ ಬರೆದು ನೋಡಿ. ನಿಮ್ಮ ಹೊಲದಲ್ಲಿ ಮತ್ತೆ ಮತ್ತೆ ಕೈಕೊಡುವ ನಕ್ಷತ್ರ ಒಂದಿದ್ದರೆ ಕಾಣತೊಡಗುತ್ತದೆ. ಆದರೆ ಅಷ್ಟರಿಂದಲೇ 'ಹವಾಮಾನ ಬದಲಾಗಿದೆ' ಎಂದು ತೀರ್ಪು ಕೊಡಬೇಡಿ. ಅದಕ್ಕೆ 30 ವರ್ಷದ ಸರಾಸರಿ ಬೇಕು. ಬಿತ್ತನೆಯನ್ನು ಒಂದು ವಾರ ಹಿಂದೆ ಮುಂದೆ ಮಾಡುವ ನಿರ್ಧಾರಕ್ಕೆ, ಕೃಷಿಹೊಂಡ ತೋಡಿಸುವ ನಿರ್ಧಾರಕ್ಕೆ ಹತ್ತು ವರ್ಷದ್ದು ಒಳ್ಳೆಯ ಆಧಾರ.

7. ಎರಡನ್ನೂ ಸೇರಿಸಿ ಓದುವುದು

ಗರಿಷ್ಠದಿಂದ ಕನಿಷ್ಠ ಕಳೆಯಿರಿ. ಮೋಡ ಕವಿದು ಜಡಿ ಹಿಡಿದ ದಿನ ಈ ವ್ಯತ್ಯಾಸ ಚಿಕ್ಕದಿರುತ್ತದೆ. ಹಗಲು ಬಿಸಿಲು ತಡೆಯುವ ಮೋಡವೇ ರಾತ್ರಿ ನೆಲದ ಕಾವನ್ನೂ ಹೊರಗೆ ಬಿಡುವುದಿಲ್ಲ. ಮಳೆ ಹೊಳವಾಗಿ ಆಕಾಶ ತೆರೆದರೆ ದಿನದಿಂದ ದಿನಕ್ಕೆ ವ್ಯತ್ಯಾಸ ಹಿಗ್ಗುತ್ತದೆ. ಹಾಗೆ ಹಿಗ್ಗುತ್ತಿದೆ, ಮಳೆ ಕಾಲಂನಲ್ಲಿ ಸೊನ್ನೆ ಸಾಲುಗಟ್ಟಿದೆ ಎಂದಾದರೆ ನೆಲದ ತೇವ ಬೇಗ ಆರುತ್ತಿದೆ ಎಂದರ್ಥ. ಗುದ್ದಲಿಯಿಂದ ಒಂದು ಗೇಣು ಅಗೆದು ಮಣ್ಣು ಹಿಡಿದು ನೋಡುವ ಹೊತ್ತು ಅದು.

ಜೋಳ ಬೆಳೆಯುವವರಿಗೆ ಇನ್ನೊಂದು ಲೆಕ್ಕ ಉಪಯೋಗಕ್ಕೆ ಬರುತ್ತದೆ. ಗರಿಷ್ಠ, ಕನಿಷ್ಠ ಕೂಡಿ ಎರಡರಿಂದ ಭಾಗಿಸಿ, 10 ಕಳೆಯಿರಿ. 30 ಮತ್ತು 20 ಇದ್ದ ದಿನಕ್ಕೆ 15. ಬಿತ್ತನೆಯಿಂದ ದಿನದಿನದ್ದನ್ನು ಕೂಡಿಸುತ್ತ ಹೋಗಿ, ಸೂಲಂಗಿ ಹೊಡೆದ ದಿನ ಮೊತ್ತ ಎಷ್ಟಾಯಿತೆಂದು ಷರಾದಲ್ಲಿ ಬರೆಯಿರಿ. ಅದೇ ತಳಿ ಮರುವರ್ಷ ಬಿತ್ತಿದರೆ ಸುಮಾರು ಅಷ್ಟೇ ಮೊತ್ತಕ್ಕೆ ಸೂಲಂಗಿ ಬರುತ್ತದೆ, ದಿನಗಳ ಎಣಿಕೆ ಹೆಚ್ಚುಕಡಿಮೆಯಾದರೂ. ಆ ಹೊತ್ತು ಯಾವ ನಕ್ಷತ್ರಕ್ಕೆ ಬೀಳುತ್ತದೆ ಎಂದು ಮೊದಲೇ ಅಂದಾಜಿಸಿ ಬಿತ್ತನೆ ದಿನ ಹಿಡಿಯಬಹುದು.

8. ಸರ್ಕಾರಿ ಅಂಕಿಯೊಂದಿಗೆ ಹೋಲಿಕೆ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಅಂಕಿ ಕಳಿಸುವ ಮಳೆಮಾಪಕಗಳನ್ನು, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನು ಇಟ್ಟಿದೆ. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಅಪರೂಪ, ಬಳಸಿಕೊಳ್ಳಿ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಎರಡು ಕಿ.ಮೀ. ಅಂತರಕ್ಕೆ ಅಂಕಿ ಪೂರ್ತಿ ಬೇರೆ ಬಂದರೂ ಗಾಬರಿ ಬೇಡ, ಆ ಮಳೆಯ ಗುಣವೇ ಹಾಗೆ. ಮುಂಗಾರಿನ ತಿಂಗಳ ಮೊತ್ತ ಮಾತ್ರ ಹತ್ತಿರ ಹತ್ತಿರ ಬರಬೇಕು.

ಅಡಿಕೆ, ಕಾಳುಮೆಣಸು, ಶುಂಠಿಯ ಹವಾಮಾನ ಆಧಾರಿತ ವಿಮೆ ತೀರ್ಮಾನವಾಗುವುದು ಸರ್ಕಾರ ನಿಗದಿ ಮಾಡಿದ ಮಾಪಕದ ಅಂಕಿಯಿಂದ. ನಿಮ್ಮ ಪುಸ್ತಕ ಅದರ ಜಾಗಕ್ಕೆ ಬರುವುದಿಲ್ಲ. ಆದರೆ ಆ ಮಾಪಕ ಕೆಟ್ಟು ವಾರಗಟ್ಟಲೆ ಸೊನ್ನೆ ತೋರಿಸಿದಾಗ, ತಾರೀಖು ಸಹಿತ ಅರ್ಜಿ ಬರೆಯಲು ನಿಮ್ಮ ಕೈಯಲ್ಲಿ ಏನಾದರೂ ಇರುತ್ತದೆ. ಬರದ ವಿಚಾರದಲ್ಲೂ ಹಾಗೇ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿ, ಮುಂಗಾರು ಶುರುವಾಗಬೇಕಾದ ದಿನದ ನಂತರ ಸತತ ಮೂರು ನಾಲ್ಕು ವಾರ, ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದರೆ ಅದನ್ನು ಒಣ ಅವಧಿ ಎನ್ನುತ್ತದೆ. ವಾರದ ಮೊತ್ತ ಬರೆದಿಟ್ಟವರು ಗ್ರಾಮಸಭೆಯಲ್ಲಿ ಅದನ್ನು ಎತ್ತಬಹುದು.

ಹೋಲಿಕೆಯ ಇನ್ನೊಂದು ಉಪಯೋಗ ನಿಮ್ಮ ಮಾಪಕದ ತಪಾಸಣೆ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಪಂಚಾಯಿತಿ ಮಾಪಕದ ಕೂಡಿಬಂದ ಮೊತ್ತ, ನೇರಕ್ಕೆ ನಿಮ್ಮದು, ತಿಂಗಳಿಗೊಂದು ಚುಕ್ಕೆ. ಚುಕ್ಕೆಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗಿದರೆ ಎಲ್ಲ ಸರಿ. ಒಂದು ಕಡೆಯಿಂದ ಗೆರೆ ಬಾಗಿ ಹಾಗೇ ಮುಂದುವರಿದರೆ ಅಲ್ಲಿ ಏನೋ ಬದಲಾಗಿದೆ: ಆಲಿಕೆ ಸೀಳಿದೆ, ಮಾಪಕ ವಾಲಿದೆ, ಇಲ್ಲವೇ ಪಕ್ಕದ ಅಡಿಕೆ ಎತ್ತರವಾಗಿದೆ. ಮಾಪಕ ಸರಿಸಬೇಕಾಗಿ ಬಂದರೆ ಹಳೆಯ ಜಾಗದಲ್ಲೂ ಹೊಸ ಜಾಗದಲ್ಲೂ ಒಂದು ಮಳೆಗಾಲ ಜೊತೆಗೇ ಅಳೆಯಿರಿ.

9. ಕೆರೆ, ಹಳ್ಳ

ಶಿಕಾರಿಪುರದ ಕಡೆ ಊರಿಗೊಂದಲ್ಲ, ನಾಲ್ಕಾರು ಕೆರೆಗಳಿವೆ. ಒಂದು ಕೆರೆಯ ಜಲಾನಯನದಲ್ಲಿ ನಾಲ್ಕೈದು ಮನೆಯವರು ಒಂದೇ ಬಗೆಯ ಮಾಪಕ ಇಟ್ಟು, ಒಂದೇ ಹೊತ್ತಿಗೆ ಓದಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಅಂಕಿ ಹಾಕಿದರೆ ಒಬ್ಬರ ಪುಸ್ತಕ ಹೇಳಲಾಗದ್ದು ತಿಳಿಯುತ್ತದೆ. ಒಂದು ಹೆಕ್ಟೇರಿನ ಮೇಲೆ ಒಂದು ಮಿ.ಮೀ. ಬಿದ್ದರೆ ಹತ್ತು ಸಾವಿರ ಲೀಟರ್. ಅದರಲ್ಲಿ ಕೆರೆ ಸೇರುವುದು ಎಷ್ಟು ಅನ್ನುವುದು ನೆಲ ಎಷ್ಟು ನೆನೆದಿದೆ ಅನ್ನುವುದರ ಮೇಲೆ. ರೋಹಿಣಿಯಲ್ಲಿ 40 ಮಿ.ಮೀ. ಬಿದ್ದರೂ ಒಣಗಿದ ನೆಲ ಬಹುಪಾಲು ಕುಡಿದುಬಿಡುತ್ತದೆ. ಪುಷ್ಯದಲ್ಲಿ, ಹಿಂದಿನ ವಾರವೆಲ್ಲ ನೆನೆದ ನೆಲದ ಮೇಲೆ ಅದರ ಅರ್ಧ ಬಿದ್ದರೂ ಹಳ್ಳ ಕೆಂಪಾಗಿ ಇಳಿಯಬಹುದು.

ಹಳ್ಳ ಹರಿದ ದಿನ, ಅಂದಿನ ಮಳೆ, ಅದರ ಹಿಂದಿನ ಐದು ದಿನದ ಮೊತ್ತ, ಇವಿಷ್ಟನ್ನು ಬೇರೆ ಪುಟದಲ್ಲಿ ಒಟ್ಟಿಗೆ ಬರೆಯುತ್ತ ಹೋಗಿ. ಕೆರೆ ಕೋಡಿ ಬಿದ್ದ ದಿನವನ್ನೂ ಅಲ್ಲೇ ಬರೆಯಿರಿ. ಕೆಲವು ಮಳೆಗಾಲ ಕಳೆದ ಮೇಲೆ, ನಿಮ್ಮ ಕೆರೆಗೆ ನೀರು ಬರಲು ಎಂಥ ಮಳೆ ಬೇಕೆಂದು ಆ ಪುಟದಿಂದಲೇ ಹೇಳಬಹುದು. ಹೂಳೆತ್ತಿಸಿದ ವರ್ಷವೋ ಕಾಲುವೆ ಬಿಡಿಸಿದ ವರ್ಷವೋ ಆ ಲೆಕ್ಕ ಬದಲಾದರೆ, ಮಾಡಿದ ಕೆಲಸ ಫಲ ಕೊಟ್ಟಿತೇ ಇಲ್ಲವೇ ಎಂದು ಕೆರೆ ಸಂಘದ ಸಭೆಯಲ್ಲಿ ಅಂಕಿ ಇಟ್ಟು ಮಾತಾಡಬಹುದು.